ಇಪ್ಪತ್ತಕ್ಕೆ ಒಂದು ಕಡಿಮೆ

ನಮ್ಮ ಮಾವನವರಿಗೆ ಚಿಟಿಕೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತದೆ. ಯಾರ ಚಿಟಿಕೆ, ಎಷ್ಟು ದಪ್ಪ ಬೆರಳಿನ ಚಿಟಿಕೆ ಎಂದು ಕೇಳುತ್ತಾರೆ. ಮೂವತ್ತೆಂಟು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು ಅವರು. ಊರಿನ ಒಂದೊಂದು ಅಂಗಡಿಯ ತಕ್ಕಡಿಯನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತಿ, ಇಲ್ಲದಿದ್ದರೆ ದಂಡ ಹಾಕಿ ಬರುತ್ತಿದ್ದರು. ಅಷ್ಟೂ ವರ್ಷ ಒಂದು ಅಂಗಡಿಯಲ್ಲೂ ಒಂದು ಲೋಟ ಟೀ ಕುಡಿದವರಲ್ಲ. ಅದು ಅವರ ಪ್ರಾಮಾಣಿಕತೆ ಎಂದು ಊರಿನವರು ಹೇಳುತ್ತಾರೆ. ಟೀಗೆ ಎಷ್ಟು ಗ್ರಾಂ ಸಕ್ಕರೆ ಹಾಕಿದ್ದೀರಿ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ, ಅದಕ್ಕೆ ಕುಡಿಯಲಿಲ್ಲ ಎನ್ನುವುದು ನಮ್ಮ ಅತ್ತೆಯ ಅಭಿಪ್ರಾಯ.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ ಈರುಳ್ಳಿ ತಂದಿದ್ದೆ. ಮಾವ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, ನಲವತ್ತು ಗ್ರಾಂ ಕಡಿಮೆ ಇದೆ, ವಾಪಸ್ಸು ಹೋಗಿ ಕೇಳು ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೋದೆ. ತರಕಾರಿಯವಳು ನಾನು ಯಾರ ಮನೆಯವಳು ಎಂದು ಕೇಳಿದಳು, ಹೇಳಿದ್ದೇ ತಡ, ಒಂದು ಈರುಳ್ಳಿ ಎತ್ತಿ ಹಾಕಿದಳು. ಮನೆಗೆ ಬಂದು ತೂಗಿದರೆ ಸರಿಯಾಗಿತ್ತು. ಅಂದಿನಿಂದ ಮಾವನ ಮೇಲೆ ನನಗಿರುವುದು ಗೌರವವೋ ಕೋಪವೋ ಎಂದು ನನಗೇ ಬಗೆಹರಿದಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ತೂಕದ ಮನೆ ಎಂಬ ಹಳೆಯ ಕಲ್ಲಿನ ಕಟ್ಟಡವಿದೆ. ಇನ್ನೂರು ವರ್ಷದ ಹಿಂದೆ ಸಂತೆಗೆ ಬರುವ ಕಾಳಿನ ಗಾಡಿಗಳನ್ನು ಅಲ್ಲಿ ನಿಲ್ಲಿಸಿ ತೂಗುತ್ತಿದ್ದರಂತೆ. ಆಮೇಲೆ ಅದೇ ಮಾವನ ಕಚೇರಿಯಾಯಿತು. ಮಧ್ಯದ ತೊಲೆಯಿಂದ ಆಳೆತ್ತರದ ಕಬ್ಬಿಣದ ತಕ್ಕಡಿ ಈಗಲೂ ತೂಗಾಡುತ್ತದೆ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಬೀದಿಯಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ತಂದು ಅದರಲ್ಲೇ ತೂಗಿಸುತ್ತಿದ್ದರು. ಮಾವ ಬಟ್ಟೆಯ ತೂಕ ಕಳೆದು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ನನ್ನ ಗಂಡ ಎರಡು ಕಿಲೋ ಒಂಬೈನೂರು ಗ್ರಾಂ. ಈಗ ಅವರನ್ನು ನೋಡಿದರೆ ಯಾರೂ ನಂಬುವುದಿಲ್ಲ.

ಕಚೇರಿ ಬೇರೆ ಕಡೆ ಹೋದ ಮೇಲೆ ಮಾಡು ಸೋರತೊಡಗಿತು, ಹೆಂಚು ಬಿತ್ತು, ಒಂದು ಕಡೆ ತೊಲೆ ಬಾಗಿತು. ನಗರಸಭೆಯವರು ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತೇವೆಂದು ನೋಟಿಸು ಅಂಟಿಸಿದರು. ಬೀದಿಯವರೆಲ್ಲ ಹೋಗಿ ಗಲಾಟೆ ಮಾಡಿದ್ದಕ್ಕೆ ಒಂದು ಷರತ್ತು ಹಾಕಿದರು. ಮಾಡಿನ ರಿಪೇರಿಯ ಅರ್ಧ ಖರ್ಚನ್ನು ನಾವು ಕಟ್ಟಬೇಕು. ಮುಂದಿನ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಗಡುವು. ಕಟ್ಟಿದರೆ ಉಳಿದರ್ಧ ಅವರದು, ಇಲ್ಲದಿದ್ದರೆ ಮಂಗಳವಾರ ಬುಲ್ಡೋಜರ್. ಆ ನೋಟಿಸನ್ನು ಓದಿ ಬಂದ ದಿನ ಮಾವ ಊಟಕ್ಕೆ ಕುಳಿತವರು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ.

ಪುಸ್ತಕದ ಉಪಾಯ ಟೈಲರಕ್ಕನದು. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಈ ಅಕ್ಕನ ಬಾಯಲ್ಲಿ ಯಾವಾಗಲೂ ಗುಂಡುಪಿನ್ನುಗಳಿರುತ್ತವೆ, ಅದರ ನಡುವೆಯೇ ಮಾತಾಡುತ್ತಾಳೆ. ಬೀದಿಯ ಪ್ರತಿ ಮನೆಯಿಂದ ಒಂದೊಂದು ಅಡುಗೆ ಬರೆಸಿಕೊಂಡು ಪುಸ್ತಕ ಮಾಡೋಣ, ಸಾವಿರ ಪ್ರತಿ ಅಚ್ಚು ಹಾಕಿಸೋಣ, ಸಾವಿರವೂ ಖರ್ಚಾದರೆ ಅರ್ಧ ಮಾಡು ನಮ್ಮದು ಎಂದಳು. ಎಲ್ಲರೂ ಕುಣಿದರು. ಮಾವ ಮಾತ್ರ ಎದ್ದು ನಿಂತು, ಒಂದು ಹಿಡಿ, ಒಂದು ಚಿಟಿಕೆ, ರುಚಿಗೆ ತಕ್ಕಷ್ಟು, ಈ ಮೂರು ಮಾತು ಪುಸ್ತಕದಲ್ಲಿ ಇರಕೂಡದು, ಎಲ್ಲವನ್ನೂ ನಾನೇ ತೂಗುತ್ತೇನೆ ಎಂದರು. ತೂಕದ ಮನೆಯನ್ನು ಉಳಿಸುವ ಪುಸ್ತಕದಲ್ಲಿ ತೂಕ ತಪ್ಪಿದರೆ ಮರ್ಯಾದೆ ಏನುಳಿಯಿತು ಎನ್ನುವುದು ಅವರ ವಾದ.

ಮರುದಿನದಿಂದ ಮಾವನಿಗೆ ಇಪ್ಪತ್ತು ವರ್ಷ ಕಡಿಮೆಯಾಯಿತು. ನಿವೃತ್ತಿಯ ದಿನ ಜೊತೆಯವರು ಚಂದಾ ಎತ್ತಿ ಕೊಟ್ಟ ಹಿತ್ತಾಳೆಯ ತಕ್ಕಡಿಯೊಂದು ಶೋಕೇಸಿನಲ್ಲಿತ್ತು. ಅದನ್ನು ಇಳಿಸಿ ಒರೆಸಿ, ಸರ್ಕಾರಿ ಮುದ್ರೆಯಿದ್ದ ತಮ್ಮ ಹಳೆಯ ತೂಕದ ಬಟ್ಟುಗಳನ್ನು ಜೇಬಿಗೆ ಹಾಕಿಕೊಂಡು, ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಮನೆಯಿಂದ ಮನೆಗೆ ಹೊರಟರು. ಹಿಂದೆ ನೋಟು ಪುಸ್ತಕ ಹಿಡಿದು ನಾನು. ಅಡುಗೆ ಮಾಡುವವರ ಕೈ ಪಾತ್ರೆಯ ಮೇಲೆ ಬರುವಷ್ಟರಲ್ಲಿ ಮಾವನ ಬಟ್ಟಲು ಅಡ್ಡ ಬರುತ್ತಿತ್ತು. ಕೈಯಲ್ಲಿದ್ದ ಉಪ್ಪು ಬಟ್ಟಲಿಗೆ ಬೀಳಬೇಕು, ತೂಗಬೇಕು, ನಾನು ಬರೆಯಬೇಕು, ಆಮೇಲೆ ಪಾತ್ರೆಗೆ. ನೀರನ್ನೂ ತೂಗಿದರು. ಮೊಟ್ಟೆಯನ್ನು ಒಡೆಸಿ, ಚಿಪ್ಪು ಬಿಟ್ಟು ತೂಗಿದರು. ಮೂಲೆಮನೆಯ ಅಜ್ಜಿ ಕೋಳಿ ಸೂಪಿಗೆ ಮೆಣಸು ಹಾಕುವ ಮೊದಲು ಹಿಂದಕ್ಕೂ ಮುಂದಕ್ಕೂ ನೋಡಿ, ಕಳ್ಳಿಯ ಹಾಗೆ ಹಾಕಿಬಿಟ್ಟರು. ಮಾವ ಪಾತ್ರೆಯನ್ನು ಬಗ್ಗಿಸಿ ಹೊಸದಾಗಿ ಮಾಡಿಸಿದರು. ಅಜ್ಜಿ ಅವರ ಇಡೀ ವಂಶವನ್ನು ಬೈದರು, ಮಾವ ಕಾಳು ಬಿಡದೆ ತೂಗಿದರು.

ಹೆಚ್ಚು ಕಾಡಿದ್ದು ನಮ್ಮ ಅತ್ತೆಯೇ. ಅತ್ತೆಯ ಎಳ್ಳಿನ ಬಿಸ್ಕತ್ತು ಬೀದಿಗೇ ಹೆಸರುವಾಸಿ. ಮಾವನಿಗೆ ಬೆನ್ನು ಹಾಕಿ ನಿಂತು ಹಿಟ್ಟು ಕಲಸಿದರು, ಒಂದು ಸಲವೂ ಬಟ್ಟಲಿಗೆ ಕೈ ಒಡ್ಡಲಿಲ್ಲ. ಮಾವ ಬಿಟ್ಟಾರೆಯೇ? ಕಲಸುವ ಮೊದಲೇ ಹಿಟ್ಟಿನ ಡಬ್ಬಿ, ಸಕ್ಕರೆ ಡಬ್ಬಿ, ಬೆಣ್ಣೆಯ ತಟ್ಟೆ ಎಲ್ಲ ತೂಗಿಟ್ಟಿದ್ದರು. ಕಲಸಿದ ಮೇಲೆ ಮತ್ತೆ ತೂಗಿ, ಕಳೆದು, ಹಿಟ್ಟು ನಾನೂರು ಗ್ರಾಂ ಎಂದು ಗೆದ್ದವರ ಹಾಗೆ ಬರೆಸಿದರು. ಅತ್ತೆ ಎರಡು ದಿನ ಅವರೊಡನೆ ಮಾತಾಡಲಿಲ್ಲ.

ಗಡುವಿನ ಹಿಂದಿನ ಬುಧವಾರ ಸಾವಿರ ಪುಸ್ತಕ ನಮ್ಮ ಹಜಾರಕ್ಕೆ ಬಂದಿಳಿಯಿತು. ಹೊಸ ಕಾಗದದ ವಾಸನೆಗೆ ಬೀದಿಯೇ ನೆರೆಯಿತು. ತಮ್ಮ ಪುಟ ಎಲ್ಲಿದೆ ಎಂದು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುವವರೇ. ಮಾರಾಟ ಭಾನುವಾರ, ತೂಕದ ಮನೆಯ ಅಂಗಳದಲ್ಲಿ. ಟೈಲರಕ್ಕ ಇನ್ನೊಂದು ಉಪಾಯ ಹೂಡಿದ್ದಳು. ಬಿಸ್ಕತ್ತಿನ ಸಾಮಾನನ್ನೆಲ್ಲ ಪುಸ್ತಕದಲ್ಲಿರುವಂತೆಯೇ ತೂಗಿ ಪೊಟ್ಟಣ ಕಟ್ಟಿ, ಪುಸ್ತಕದ ಜೊತೆ ಮಾರುವುದು. ಪೊಟ್ಟಣ ಕಟ್ಟಿಕೊಡಲು ದಿನಸಿ ಅಂಗಡಿಯವರು ಒಪ್ಪಿದ್ದರು.

ದಿನಸಿಯವರ ಹೆಸರೆತ್ತಿದ್ದೇ ಮಾವನ ಹುಬ್ಬು ಗಂಟಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ಆ ಅಂಗಡಿಯ ತಕ್ಕಡಿಯಲ್ಲಿ ವ್ಯತ್ಯಾಸ ಸಿಕ್ಕಿ ಮಾವ ದಂಡ ಹಾಕಿದ್ದರು. ಗೊತ್ತಿಲ್ಲದೆ ಆದದ್ದು ಎಂದು ಅವರು ಎಷ್ಟು ಹೇಳಿದರೂ ಕೇಳಿರಲಿಲ್ಲ. ಅಂದಿನಿಂದ ಇಬ್ಬರೂ ಎದುರಾದರೆ ಒಬ್ಬರು ಆಕಾಶ ನೋಡುತ್ತಾರೆ, ಇನ್ನೊಬ್ಬರು ನೆಲ.

ಗುರುವಾರ ಅತ್ತೆ ಪರೀಕ್ಷೆಗೆಂದು ಒಂದು ಪೊಟ್ಟಣ ಬಿಚ್ಚಿ ಬಿಸ್ಕತ್ತು ಮಾಡಿದರು. ನಮ್ಮ ಟ್ರೇಯಲ್ಲಿ ಐದರಂತೆ ನಾಲ್ಕು ಸಾಲು, ಇಪ್ಪತ್ತು ಬಿಸ್ಕತ್ತು. ಅತ್ತೆ ಉಂಡೆ ಮಾಡಿದರೆ ಒಂದರ ಗಾತ್ರದಲ್ಲಿ ಒಂದಿರುತ್ತದೆ. ಅಂದು ಹತ್ತೊಂಬತ್ತಾಯಿತು, ಹಿಟ್ಟು ಮುಗಿಯಿತು. ಮೂಲೆಯಲ್ಲಿ ಒಂದರ ಜಾಗ ಖಾಲಿ. ಅತ್ತೆ ಅದನ್ನೇ ನೋಡುತ್ತ ನಿಂತರು. ಮಾವ ಬಂದು ನೋಡಿದರು. ಅವರ ಮುಖ ಬೆಳಗಿದ ಪರಿಯನ್ನು ನಾನು ಜನ್ಮದಲ್ಲಿ ಮರೆಯಲಾರೆ. ದಿನಸಿಯವರು ಕೈಕೊಟ್ಟರು, ಹುಟ್ಟುಗುಣ ಎಲ್ಲಿಗೆ ಹೋಗುತ್ತೆ ಎಂದು ಖುಷಿಯಿಂದಲೇ ಬೈಯುತ್ತ, ತಕ್ಕಡಿಯನ್ನು ಹೆಗಲಿಗೇರಿಸಿ, ಟ್ರೇಯನ್ನು ನನ್ನ ಕೈಗೆ ಕೊಟ್ಟು, ಅಂಗಡಿಯ ಕಡೆ ದಾಪುಗಾಲು ಹಾಕಿದರು. ಟೈಲರಕ್ಕ ಹೊಲಿಗೆ ಬಿಟ್ಟು ಓಡಿ ಬಂದಳು. ಬೀದಿಯ ಅರ್ಧ ಜನ ನಮ್ಮ ಹಿಂದೆ.

ದಿನಸಿಯವರು ಕೈ ಒರೆಸಿಕೊಂಡರು. ಬಿಚ್ಚದ ಪೊಟ್ಟಣವೊಂದನ್ನು ಮುಂದಿಟ್ಟರು. ಮಾವ ಹಿಟ್ಟನ್ನು ಹಿತ್ತಾಳೆ ತಕ್ಕಡಿಗೆ ಸುರಿದು ತೂಗಿದರು. ಮುನ್ನೂರ ಎಂಬತ್ತು! ಇಪ್ಪತ್ತು ಗ್ರಾಂ ಕಡಿಮೆ ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದರು. ದಿನಸಿಯವರು ಅದೇ ಹಿಟ್ಟನ್ನು ತಮ್ಮ ಎಲೆಕ್ಟ್ರಾನಿಕ್ ಯಂತ್ರದ ಮೇಲಿಟ್ಟರು. ಸರಿಯಾಗಿ ನಾನೂರು. ಯಂತ್ರದ ಪಕ್ಕದಲ್ಲಿ ಈ ವರ್ಷದ ಸರ್ಕಾರಿ ಮುದ್ರೆ ಇತ್ತು. ಮಾವ ಮುದ್ರೆಯನ್ನು ಬಗ್ಗಿ ನೋಡಿದರು, ಕನ್ನಡಕ ಹಾಕಿ ಇನ್ನೊಮ್ಮೆ ನೋಡಿದರು.

"ಸಾಹೇಬ್ರೇ, ತಟ್ಟೆ ಅದಲುಬದಲು ಮಾಡಿ ನೋಡೋಣ್ವ?" ಎಂದರು ದಿನಸಿಯವರು, ಮೆಲ್ಲಗೆ.

ತಕ್ಕಡಿಯ ಪರೀಕ್ಷೆಯಲ್ಲಿ ಅದೇ ಮೊದಲ ಪಾಠವಂತೆ. ಸಾಮಾನಿನ ತಟ್ಟೆಗೆ ಬಟ್ಟು, ಬಟ್ಟಿನ ತಟ್ಟೆಗೆ ಸಾಮಾನು. ತಕ್ಕಡಿ ಸಾಚಾ ಆಗಿದ್ದರೆ ತೂಕ ಬದಲಾಗಬಾರದು. ಮಾವ ಬದಲಾಯಿಸಿದರು. ಈಗ ನಾನೂರು ಗ್ರಾಮಿನ ಬಟ್ಟು ಮೇಲೆ ಹಾರಿ, ಹಿಟ್ಟಿನ ತಟ್ಟೆ ಟಣ್ಣೆಂದು ಕೆಳಗೆ ಕುಳಿತಿತು. ಖಾಲಿಯಿದ್ದಾಗ ಮುಳ್ಳು ನೆಟ್ಟಗೆ ನಿಲ್ಲುವ ಆ ತಕ್ಕಡಿಯ ಒಂದು ತೋಳು ಇನ್ನೊಂದಕ್ಕಿಂತ ಉಗುರಿನಷ್ಟು ಗಿಡ್ಡ. ಶೋಕೇಸಿಗೆಂದು ಮಾಡಿದ್ದು, ವ್ಯಾಪಾರಕ್ಕಲ್ಲ. ಊರಿನ ತಕ್ಕಡಿಯನ್ನೆಲ್ಲ ಪರೀಕ್ಷಿಸಿದ ಮನುಷ್ಯ ತನ್ನ ಮನೆಯದನ್ನು ಪರೀಕ್ಷಿಸಿರಲಿಲ್ಲ. ಉಡುಗೊರೆಯನ್ನು ಯಾರು ತಾನೇ ಪರೀಕ್ಷಿಸುತ್ತಾರೆ? ಮಾವ ಅಂಗಡಿಯ ಅಕ್ಕಿ ಮೂಟೆಯ ಮೇಲೆ ಕುಸಿದು ಕುಳಿತರು. ನನಗೆ ಟ್ರೇಯನ್ನು ಎಲ್ಲಿಡುವುದು ಎಂದು ತಿಳಿಯಲಿಲ್ಲ.

ಸಂಜೆ ನಮ್ಮ ಹಜಾರದಲ್ಲಿ ಪುಸ್ತಕದ ಕಟ್ಟುಗಳ ನಡುವೆ ಸಭೆ ಸೇರಿತು. ನಾನು ಲೆಕ್ಕ ಹಾಕಿ ನೋಡಿದ್ದೆ. ಮಾವ ಯಾವಾಗಲೂ ಸಾಮಾನನ್ನು ಒಂದೇ ಕಡೆಯ ತಟ್ಟೆಗೆ ಹಾಕುವವರು. ಹಾಗಾಗಿ ಹಿಟ್ಟು, ಉಪ್ಪು, ನೀರು, ಮೊಟ್ಟೆ ಎಲ್ಲವೂ ಒಂದೇ ಸಮನೆ ಇಪ್ಪತ್ತಕ್ಕೆ ಒಂದು ಪಾಲು ಕಡಿಮೆ ಬಿದ್ದಿದ್ದವು. ಅಂದರೆ ರುಚಿ ಕೂದಲೆಳೆಯಷ್ಟೂ ಕೆಡುವುದಿಲ್ಲ, ಅಡುಗೆ ತುಸು ಕಡಿಮೆ ಆಗುತ್ತದೆ, ಅಷ್ಟೇ. ಇದನ್ನು ಹೇಳಿದ್ದೇ ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಯಾರಿಗೂ ಗೊತ್ತಾಗುವುದಿಲ್ಲ, ಮಾರಿಬಿಡೋಣ ಎಂದಳು.

ಮಾವ ತಲೆ ಎತ್ತಿದರು. "ಯಾರಿಗೂ ಗೊತ್ತಾಗಲ್ಲ ಅನ್ನೋ ಮಾತನ್ನ ನಾನು ಮೂವತ್ತೆಂಟು ವರ್ಷ ಅಂಗಡಿ ಅಂಗಡಿಗಳಲ್ಲಿ ಕೇಳಿದ್ದೀನಿ ಕಣಮ್ಮ. ಅದನ್ನ ಕೇಳಿದ ಮೇಲೇನೇ ದಂಡದ ಪುಸ್ತಕ ತೆಗೀತಿದ್ದೆ. ಈ ಪುಸ್ತಕ ಮಾರೋ ಹಾಗಿಲ್ಲ."

ಹೊಸದಾಗಿ ಅಚ್ಚು ಹಾಕಿಸಲು ಎರಡು ವಾರ ಬೇಕು. ಗಡುವಿಗೆ ಉಳಿದದ್ದು ನಾಲ್ಕು ದಿನ. ಟೈಲರಕ್ಕ ಬಾಯಲ್ಲಿದ್ದ ಪಿನ್ನುಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಅತ್ತಳು. ಕಟ್ಟಡ ಹೋಗುತ್ತದೆ ಎಂದು ನಾನು ಕೂಗಿಯೇ ಬಿಟ್ಟೆ. ಗೊತ್ತು ಎಂದರು ಮಾವ. ಆ ಕಟ್ಟಡ ನಮಗಿಂತ ಅವರಿಗೆ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಪಟ್ಟು ಬಿಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಅವರನ್ನು ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಇಂಥವರ ಮನೆಗೆ ಸೊಸೆಯಾಗಿದ್ದೇನೆ ಎಂದು ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಆದಾಗ ಏನು ಮಾಡಬೇಕೋ ತಿಳಿಯದೆ ಒಳಗೆ ಹೋಗಿ ಪಾತ್ರೆ ತೊಳೆದೆ.

ಶುಕ್ರವಾರ ಬೆಳಿಗ್ಗೆ ದಿನಸಿಯವರು ನಮ್ಮ ಮನೆಗೆ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಕೂರಿ ಎಂದರೂ ಕೂರದೆ ಬಾಗಿಲಲ್ಲೇ ನಿಂತು ಮಾವನನ್ನು ನೋಡಿದರು.

"ನನ್ನ ತಕ್ಕಡಿ ತಪ್ಪಿದಾಗ ನೀವು ಅಂಗಡಿ ಮುಚ್ಚಿಸ್ಲಿಲ್ಲ ಸಾಹೇಬ್ರೇ. ಇಷ್ಟು ವ್ಯತ್ಯಾಸ ಇದೆ ಅಂತ ಚೀಟಿ ಬರೆದು ಬಾಗಿಲಿಗೆ ಅಂಟಿಸಿದ್ರಿ. ಒಂದು ವಾರ ಅದರ ಕೆಳಗೆ ನಿಂತು ವ್ಯಾಪಾರ ಮಾಡಿದೆ. ಬಂದೋರೆಲ್ಲ ಓದೋರು, ನನ್ನ ಮುಖ ನೋಡೋರು. ನನಗೊಂದು ಕಾನೂನು, ನಿಮಗೊಂದು ಕಾನೂನಾ?"

ಮಾವ ಕಟ್ಟಿನಿಂದ ಒಂದು ಪುಸ್ತಕ ಎತ್ತಿ ರಟ್ಟನ್ನು ತಿರುಗಿಸಿ ನೋಡಿದರು. ಕೊನೆಗೆ, ಪುಸ್ತಕದ ಒಳಗಲ್ಲ, ಹೊರಗೆ, ರಟ್ಟಿನ ಮೇಲೇ ಅಂಟಿಸಬೇಕು ಎಂದರು. ದಿನಸಿಯವರು, ಮತ್ತೆ, ಬಾಗಿಲಿಗೆ ಅಂದರೆ ಹೊರಗಡೆ ತಾನೇ ಎಂದರು. ಅತ್ತೆ ಇಬ್ಬರಿಗೂ ಟೀ ತಂದಿಟ್ಟರು. ಸಕ್ಕರೆ ಎಷ್ಟು ಎಂದು ಆ ದಿನ ಮಾವ ಕೇಳಲಿಲ್ಲ.

ಚೀಟಿಯನ್ನು ಮಾವನೇ ಹೇಳಿ ಬರೆಸಿದರು. "ಈ ಪುಸ್ತಕದ ಎಲ್ಲ ತೂಕಗಳೂ ಇಪ್ಪತ್ತಕ್ಕೆ ಒಂದು ಪಾಲು ಕಡಿಮೆ ಇವೆ. ತೂಗಿದವನು ನಾನು. ನನ್ನ ತಕ್ಕಡಿಯನ್ನು ಪರೀಕ್ಷಿಸಲಿಲ್ಲ. ತಪ್ಪು ನನ್ನದು." ಸಾವಿರ ಚೀಟಿ ಅಚ್ಚಾಗಿ ಬಂತು. ಸಾವಿರಕ್ಕೂ ಕೈಯಾರೆ ಸಹಿ ಮಾಡಿದರು, ರಬ್ಬರ್ ಸ್ಟಾಂಪ್ ಮಾಡಿಸೋಣ ಎಂದರೆ ಕೇಳಲಿಲ್ಲ. ಶನಿವಾರ ಹಗಲಿಡೀ ಬೀದಿಗೆ ಬೀದಿಯೇ ನಮ್ಮ ಹಜಾರದಲ್ಲಿತ್ತು. ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿತ್ತು, ಮೂಲೆಮನೆ ಅಜ್ಜಿ ಅದಕ್ಕೆ ಹಿಟ್ಟನ್ನು ಹಿಡಿ ಹಿಡಿಯಾಗಿ, ಮಾವನಿಗೆ ಕಾಣುವಂತೆಯೇ ಹಾಕಿದರು. ಒಬ್ಬರು ಹಚ್ಚುವುದು, ಒಬ್ಬರು ಅಂಟಿಸುವುದು, ಒಬ್ಬರು ಒತ್ತುವುದು. ಬೆರಳಿಗೆ ಬೆರಳು ಅಂಟಿಕೊಂಡು, ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮಾವ ಮಾತ್ರ ನಗಲಿಲ್ಲ. ತಪ್ಪಿದೆ ಎಂದು ಹಣೆಯ ಮೇಲೇ ಬರೆದುಕೊಂಡ ಪುಸ್ತಕವನ್ನು ಯಾರು ಕೊಳ್ಳುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು.

ಭಾನುವಾರ ಒಂಬತ್ತಕ್ಕೆ ಅಂಗಳದಲ್ಲಿ ಮೇಜು ಹಾಕಿದೆವು. ಅರ್ಧ ಗಂಟೆಯಲ್ಲಿ ಹನ್ನೊಂದು ಪ್ರತಿ ಹೋದವು, ಅದೂ ನಮ್ಮ ಬೀದಿಯವರೇ ಕೊಂಡದ್ದು. ಹೊರಗಿನವರು ಬಂದು ಚೀಟಿ ಓದಿ, ಪುಸ್ತಕ ಕೆಳಗಿಟ್ಟು ಹೋಗುತ್ತಿದ್ದರು. ಟೈಲರಕ್ಕನ ಮುಖ ಬಾಡಿತು. ಆಗ ದಿನಸಿಯವರು ಗೇಟಿನ ಬಳಿ ಸ್ಟೂಲು ಹಾಕಿಕೊಂಡು ಹತ್ತಿ ನಿಂತರು. ಚೀಟಿಯನ್ನು ಗಂಟಲು ಹರಿಯುವಂತೆ ಓದಿದರು. ಆಮೇಲೆ, ಈ ಸಾಹೇಬರು ಹಿಂದೆ ನನಗೂ ಹೀಗೇ ಚೀಟಿ ಅಂಟಿಸಿದ್ದರು, ಈಗ ತಮಗೇ ಅಂಟಿಸಿಕೊಂಡಿದ್ದಾರೆ, ಬೇಕಾದರೆ ಅಲ್ಲೇ ನಿಂತಿದ್ದಾರೆ ನೋಡಿ ಎಂದು ಬೆರಳು ತೋರಿಸಿದರು. ಮಾವ ನೆಟ್ಟಗೆ ನಿಂತೇ ಇದ್ದರು. ಜನ ಮೊದಲು ನಕ್ಕರು. ನಗುತ್ತ ಒಳಗೆ ಬಂದರು. ತಪ್ಪು ನನ್ನದು ಎಂದು ಬರೆದುಕೊಡುವವರು ಇನ್ನೇನು ಸುಳ್ಳು ಹೇಳಿಯಾರು, ನನಗೆರಡು ಕೊಡಿ ಎಂದಳು ಒಬ್ಬ ನರ್ಸಮ್ಮ. ಅಲ್ಲಿಂದ ಶುರುವಾಯಿತು ನೋಡಿ, ಸಾಲು ಗೇಟು ದಾಟಿತು, ಬೀದಿ ದಾಟಿತು, ತಿರುವಿನಲ್ಲಿ ಬಾಗಿತು. ನನಗೆ ಚಿಲ್ಲರೆ ಎಣಿಸಲು ಕೈ ಸಾಲಲಿಲ್ಲ. ಒಬ್ಬೊಬ್ಬರಿಗೂ ಮಾವ, ಇಪ್ಪತ್ತಕ್ಕೆ ಒಂದು ಸೇರಿಸಿಕೊಳ್ಳಿ ಎಂದು ಹೇಳುತ್ತ ಹೇಳುತ್ತ, ಮಧ್ಯಾಹ್ನದ ಹೊತ್ತಿಗೆ ಅವರ ದನಿ ಪೂರ್ತಿ ಕೂತುಹೋಗಿತ್ತು.

ಎರಡು ಗಂಟೆಗೆ ಮೇಜು ಖಾಲಿ. ಟೈಲರಕ್ಕ ನನ್ನನ್ನು ತಬ್ಬಿ ಎತ್ತಿಯೇ ಬಿಟ್ಟಳು. ಜನ ಸೀಟಿ ಹೊಡೆದರು. ನಾನು ಸಂತೋಷಕ್ಕೆ ಗಳಗಳ ಅತ್ತೆ. ಆಗ ಮಾವ ಚೀಟಿಗಳು ಬಂದಿದ್ದ ಲಕೋಟೆಯೊಳಗೆ ಕೈ ಹಾಕಿ ಒಂದು ಚೀಟಿ ಹೊರತೆಗೆದರು. ಸಾವಿರ ಪುಸ್ತಕ, ಸಾವಿರ ಚೀಟಿ. ಪುಸ್ತಕ ಮುಗಿದಿದೆ, ಚೀಟಿ ಒಂದು ಉಳಿದಿದೆ. ಎಂದರೆ ಒಂದು ಪುಸ್ತಕ ಚೀಟಿಯಿಲ್ಲದೆ ಹೋಗಿದೆ. ಅದು ಸಿಗದೆ ದುಡ್ಡು ಕಟ್ಟುವುದಿಲ್ಲ ಎಂದು ಪಿಸುದನಿಯಲ್ಲಿ ಹೇಳಿದರು. ಪಿಸುದನಿಯಾದರೇನು, ಎಲ್ಲರಿಗೂ ಕೇಳಿಸಿತು.

ಸಿಟ್ಟು ಮಾಡಿಕೊಳ್ಳಲೂ ಸಮಯವಿರಲಿಲ್ಲ. ಇಡೀ ಬೀದಿ ದಿಕ್ಕು ದಿಕ್ಕಿಗೆ ಓಡಿತು. ಟೈಲರಕ್ಕ ಬಸ್ ನಿಲ್ದಾಣಕ್ಕೆ ಹೋಗಿ ಹೊರಟ ಬಸ್ಸನ್ನು ತಡೆದು, ಪುಸ್ತಕ ಇದ್ದವರೆಲ್ಲ ರಟ್ಟು ಮೇಲೆತ್ತಿ ಎಂದು ಕೂಗಿದಳಂತೆ. ದಿನಸಿಯವರು ತಮ್ಮ ಸಾಲದ ಗಿರಾಕಿಗಳ ಮನೆಗಳನ್ನೂ ಬಿಡಲಿಲ್ಲ, ಅವರನ್ನು ಕಂಡು ಇಬ್ಬರು ಹಿತ್ತಲಿಂದ ಓಡಿಹೋದರು. ಮಾವ ಅಂಟಿನ ಡಬ್ಬಿ ಹಿಡಿದು ಮುಂದೆ, ನಾನು ಹಿಂದೆ. ಎಲ್ಲ ಕಡೆ ಚೀಟಿ ಇತ್ತು. ಐದು ಗಂಟೆಗೆ ಕಾಲು ಸೋತು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತು, ಎಲ್ಲರೂ ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ಅತ್ತೆ ಒಳಗೆ ಹೋಗಿ, ಬೀರು ತೆರೆದು, ಬಟ್ಟೆಗಳ ನಡುವಿನಿಂದ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಬುಧವಾರ ಪುಸ್ತಕ ಬಂದಿಳಿದ ಗದ್ದಲದಲ್ಲೇ ಮಾರಾಟದ ದುಡ್ಡಿನ ಡಬ್ಬಿಗೆ ಅದರ ಬೆಲೆ ಹಾಕಿ, ಮೊದಲ ಪ್ರತಿಯನ್ನು ತಾವೇ ಕೊಂಡಿದ್ದರಂತೆ. ಮೊಟ್ಟಮೊದಲ ಬಾರಿ ತಮ್ಮ ಹೆಸರು ಅಚ್ಚಾಗಿದೆಯಲ್ಲ, ಅದಕ್ಕೆ.

ಮಾವ ಉಸಿರು ಬಿಟ್ಟು, ಅಂಟಿನ ಡಬ್ಬಿ ತೆರೆದು, ಚೀಟಿಯನ್ನು ಮೇಜಿನ ಮೇಲಿಟ್ಟರು. ಅತ್ತೆ ಅದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ಓದಿದರು. ಇನ್ನೊಮ್ಮೆ ಓದಿದರು.

"ಮದುವೆಯಾಗಿ ನಲವತ್ತಾರು ವರ್ಷ ಆಯ್ತು. ತಪ್ಪು ನನ್ನದು ಅಂತ ಒಂದು ಸಲಾನೂ ನಿಮ್ಮ ಬಾಯಲ್ಲಿ ಬಂದಿಲ್ಲ. ಇದನ್ನ ಪುಸ್ತಕಕ್ಕೆ ಅಂಟಿಸಿ ಹಾಳು ಮಾಡ್ತೀನಾ? ಇದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ತೀನಿ."

ಪುಸ್ತಕಕ್ಕೆ ಚೀಟಿ ಬೇಕೇ ಬೇಕು ಎಂದು ಮಾವ ಹಟ ಹಿಡಿದರು. ಚೀಟಿ ಕೊಡುವುದಿಲ್ಲ ಎಂದು ಅತ್ತೆ. ಟೈಲರಕ್ಕ, ದಿನಸಿಯವರು, ಅಜ್ಜಿ, ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಒಂದು ಕಟ್ಟಡದ ಮಾಡು ಆ ಇಬ್ಬರ ಕೈಯಲ್ಲಿತ್ತು. ಕೊನೆಗೆ ಮಾವ ನನ್ನ ನೋಟು ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು, ಕುಳಿತು, ಅದೇ ನಾಲ್ಕು ಸಾಲನ್ನು ಇನ್ನೊಮ್ಮೆ ತಮ್ಮ ಕೈಯಲ್ಲಿ ಬರೆದರು. ಬರೆದು ಸಹಿ ಹಾಕಿ, ತುಸು ಯೋಚಿಸಿ, ಕೆಳಗೆ ಇನ್ನೊಂದು ಸಾಲು ಸೇರಿಸಿದರು. "ಈ ಮನೆಯಲ್ಲಿ ಸರಿಯಾದ ಅಳತೆ ಇದ್ದದ್ದು ಇವಳ ಕೈಯಲ್ಲಿ." ಅತ್ತೆ ಓದಿ, ಸೆರಗಿನಿಂದ ಮುಖ ಒರೆಸಿಕೊಂಡರು. ಅಚ್ಚಿನ ಚೀಟಿಯನ್ನು ತಾವೇ ಪುಸ್ತಕಕ್ಕೆ ಅಂಟಿಸಿ, ಕೈಬರಹದ್ದನ್ನು ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿರುವಾಗ ಮಾವ ಮತ್ತು ದಿನಸಿಯವರು ಒಟ್ಟಿಗೆ ಹೋಗಿ ದುಡ್ಡು ಕಟ್ಟಿ ಬಂದರು.